ಕೋಣ, ಕ್ಯಾಮೆರಾ ಮತ್ತು ತೊಟ್ಟೆ

ನಮ್ಮ ಫೋಟೊ ಬಳಗದಲ್ಲಿ ಸ್ವಂತ ಕ್ಯಾಮೆರಾ ಇಲ್ಲದವನು ನಾನೊಬ್ಬನೇ. ಹಾಗಾಗಿ ಊರ ಪಕ್ಕದ ಕಂಬಳವನ್ನು ಪೂರ್ತಿ ತೆಗೆಯುತ್ತೇವೆಂದು ಉಳಿದವರು ಒಪ್ಪಿಕೊಂಡು ಬಂದಾಗ ಸಾಮಾನಿನ ಪಟ್ಟಿ ಮಾಡುವ ಕೆಲಸ ನನ್ನ ತಲೆಗೆ ಬಿತ್ತು. ನಿಷ್ಪಕ್ಷಪಾತಿಯೊಬ್ಬ ಬೇಕಂತೆ.

ಎಲ್ಲರೂ ಕೇಳಿದ್ದು ಲೆನ್ಸು. ಇದ್ದವನಿಗೆ ಇನ್ನೂ ಉದ್ದದ್ದು, ಉದ್ದದ್ದು ಇದ್ದವನಿಗೆ ಇನ್ನೂ ದಪ್ಪದ್ದು. ಕಾರ್ಡು, ಬ್ಯಾಟರಿ, ಬೈರಾಸು ಬೇಕೆಂದು ಒಬ್ಬನೂ ಬಾಯಿಬಿಡಲಿಲ್ಲ.

2020ರಲ್ಲಿ ಐಕಳದ ಕಂಬಳದಲ್ಲಿ ಕೋಣ ಓಡಿಸುವ ಶ್ರೀನಿವಾಸ ಗೌಡರು 142.5 ಮೀಟರ್ ಓಟದ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿ ಮುಗಿಸಿ, ಇಡೀ ದೇಶದ ಬಾಯಲ್ಲಿ ಉಸೇನ್ ಬೋಲ್ಟ್ ಹೆಸರು ಹೇಳಿಸಿದರಲ್ಲ, ನನ್ನ ಲೆಕ್ಕ ಅಲ್ಲಿಂದಲೇ ಶುರು. ಸೆಕೆಂಡಿಗೆ 10 ಚಿತ್ರ ಹೊಡೆಯುವ ಕ್ಯಾಮೆರಾ ಅಂಥ ಒಂದು ಓಟಕ್ಕೆ 136 ಚಿತ್ರ ನುಂಗುತ್ತದೆ. ರಾ ಫೈಲು ಒಂದಕ್ಕೆ 25 ಎಂಬಿ ಎಂದು ಹಿಡಿದರೂ ಓಟವೊಂದಕ್ಕೆ 3.4 ಜಿಬಿ. 64 ಜಿಬಿ ಕಾರ್ಡಿನ ಆಯುಸ್ಸು ಹದಿನೆಂಟು ಓಟ. ಕಂಬಳಕ್ಕೆ ಬರುವುದೋ ನೂರಕ್ಕೂ ಮಿಕ್ಕಿದ ಜೋಡಿ. ಗೆದ್ದವು ಮತ್ತೆ ಮತ್ತೆ ಓಡುತ್ತವೆ. ಈ ಲೆಕ್ಕವನ್ನು ಖಜಾಂಚಿಯ ಮುಂದಿಟ್ಟರೆ ಅವರು, “ಒಂದು ರೀಲಲ್ಲಿ 36 ಫೋಟೊ ಇರ್ತಿತ್ತು. ಅದ್ರಲ್ಲಿ ನನ್ನ ಮದುವೆಯೇ ಮುಗ್ದಿದೆ ಮಾರಾಯ್ರೆ” ಎಂದರು. ಎರಡು ಕಾರ್ಡು ಮಂಜೂರಾಯಿತು.

ರಾತ್ರಿಯ ಕಥೆ ಬೇರೆ. ಫ್ಲಡ್‌ಲೈಟು ನಮ್ಮ ಕಣ್ಣಿಗೆ ಹಗಲಿನಂತೆ ಕಂಡರೂ ಕ್ಯಾಮೆರಾ ಅದನ್ನು ನಂಬುವುದಿಲ್ಲ. ನಮ್ಮ ಕರೆಂಟು 50 ಹರ್ಟ್ಸಿನದು. ಅದರಿಂದ ಉರಿಯುವ ಎಷ್ಟೋ ದೀಪಗಳು ಸೆಕೆಂಡಿಗೆ 100 ಸಲ ಮಂಕಾಗಿ ಮತ್ತೆ ಬೆಳಗುತ್ತವೆ. ಶಟರು 1/1000 ಸೆಕೆಂಡು ಮಾತ್ರ ಕಣ್ಣು ಬಿಡುವುದರಿಂದ ಒಂದೇ ಕೋಣ ಒಂದು ಚಿತ್ರದಲ್ಲಿ ಕಪ್ಪು, ಮುಂದಿನದರಲ್ಲಿ ಕಂದು, ಅದರಾಚೆಯದರಲ್ಲಿ ಅಡ್ಡಪಟ್ಟಿಯದು. ಇದನ್ನು ಗುರುತಿಸಿ ಸರಿಯಾದ ಹೊತ್ತಿಗೆ ಕ್ಲಿಕ್ಕಿಸುವ ವ್ಯವಸ್ಥೆ ಹೊಸ ಕ್ಯಾಮೆರಾಗಳ ಮೆನುವಿನಲ್ಲಿ ಎಲ್ಲೋ ಆಳದಲ್ಲಿರುತ್ತದೆ. ಅದನ್ನು ಹುಡುಕಿ ಹಾಕಿಕೊಳ್ಳಲು ಒಂದು ಪೈಸೆ ಖರ್ಚಿಲ್ಲ. ಅದಕ್ಕೇ ಇರಬೇಕು, ಯಾರಿಗೂ ಅದರಲ್ಲಿ ಆಸಕ್ತಿ ಇರಲಿಲ್ಲ.

ಇನ್ನು ಗಡಿಯಾರ. ಕಳೆದ ವರ್ಷ ಬಳಗದ ಒಂದು ಕ್ಯಾಮೆರಾ ಭಾರತದಲ್ಲಿತ್ತು. ಇನ್ನೊಂದು ಮೂರೂವರೆ ಗಂಟೆ ಮುಂದಕ್ಕೆ, ಜಪಾನಿನಲ್ಲೇ ಉಳಿದಿತ್ತು. ಮೂರನೆಯದು ಯಾವುದೋ ಹಳೆಯ ಜನವರಿ ಒಂದನೇ ತಾರೀಕಿನಲ್ಲಿ ಸಿಕ್ಕಿಬಿದ್ದಿತ್ತು. ಎಲ್ಲವನ್ನೂ ಲ್ಯಾಪ್‌ಟಾಪಿಗೆ ಸುರಿದು ಹೊತ್ತಿನ ಪ್ರಕಾರ ಜೋಡಿಸಿದಾಗ ಕೋಣಗಳು ಮೊದಲು ಬಹುಮಾನ ಪಡೆದು, ಆಮೇಲೆ ಓಟ ಮುಗಿಯುವ ಮಂಜೊಟ್ಟಿ ಮುಟ್ಟಿ, ಕೊನೆಗೆ ಓಟ ಹೊರಡುವ ಗಂತಿನಲ್ಲಿ ಬಂದು ನಿಂತವು. ಹಾಗಾಗಿ ಈ ಸಲದ ಪಟ್ಟಿಯ ಮೊದಲ ಸಾಲು: ಎಲ್ಲರ ಗಡಿಯಾರವೂ ಒಂದೇ ಮೊಬೈಲಿಗೆ ಹೊಂದಬೇಕು.

ಕನೆಹಲಗೆ ವಿಭಾಗದಲ್ಲಿ ವೇಗಕ್ಕೆ ಬೆಲೆಯಿಲ್ಲ. ಹಲಗೆಯ ಮೇಲೆ ನಿಂತವನು ಚಿಮ್ಮಿಸಿದ ನೀರು ಆರೂವರೆ ಕೋಲು, ಏಳೂವರೆ ಕೋಲು ಎತ್ತರದ ನಿಶಾನೆಗೆ ತಾಗಬೇಕು. ಮೇಲೆ ಹೋದ ನೀರು ಎಲ್ಲಿ ಬೀಳಬೇಕೆಂಬುದಕ್ಕೆ ಮಾತ್ರ ನಿಯಮವಿಲ್ಲ. ಲಕ್ಷ ದಾಟುವ 70-200 ಲೆನ್ಸು ಅಲ್ಲೇ ನಿಂತಿರುತ್ತದೆ. ಅದನ್ನು ಕಾಪಾಡುವುದು ಒಂದು ಪ್ಲಾಸ್ಟಿಕ್ ತೊಟ್ಟೆ, ಎರಡು ರಬ್ಬರ್ ಬ್ಯಾಂಡು. ಲೆನ್ಸನ್ನು ಬಾಡಿಗೆಗೆ ತರಬಹುದು; ರಾತ್ರಿ ಎರಡು ಗಂಟೆಗೆ ಗದ್ದೆ ಬದಿಯಲ್ಲಿ ಒಣಗಿದ ಬೈರಾಸನ್ನು ಯಾವ ಅಂಗಡಿಯವನು ಬಾಡಿಗೆಗೆ ಕೊಡುತ್ತಾನೆ? ಗೋಳಿಬಜೆ ತಿಂದ ಕೈಯನ್ನು ಒರೆಸಿಕೊಳ್ಳುವುದೂ ಅದಕ್ಕೇ ಆದ್ದರಿಂದ ತಲೆಗೆ ಎರಡೆರಡು ಬರೆದೆ.

ತಂಡದ ಅತಿ ಕಿರಿಯ ಡ್ರೋನ್ ಬೇಕೆಂದ. ನಿವೃತ್ತ ಡ್ರಾಯಿಂಗ್ ಮಾಸ್ಟ್ರು ಕನ್ನಡಕ ಸರಿಮಾಡಿಕೊಂಡು, “ಕೋಣ ಬೆದರಿದ್ರೆ ಎತ್ಲಾಗೆ ಓಡುದು ಅಂತ ಅದಕ್ಕೆ ನೀನೇ ಹೇಳ್ತೀಯಾ?” ಎಂದು ಕೇಳಿದರು. ಹುಡುಗನನ್ನು ಕಾರ್ಡುಗಳನ್ನು ಎರಡೆರಡು ಡಿಸ್ಕಿಗೆ ಇಳಿಸಲು ಲ್ಯಾಪ್‌ಟಾಪಿನ ಮುಂದೆ ಕೂರಿಸಿದೆವು. ನನ್ನ ಪ್ರಕಾರ ಇಡೀ ತಂಡದಲ್ಲಿ ಅದಕ್ಕಿಂತ ದೊಡ್ಡ ಹುದ್ದೆಯಿಲ್ಲ. ಆದರೆ ಅದಕ್ಕೆ ಕುತ್ತಿಗೆಗೆ ಹಾಕಿಕೊಳ್ಳುವ ಪಟ್ಟಿಯಿಲ್ಲ, ಜನ ತಿರುಗಿ ನೋಡುವುದೂ ಇಲ್ಲ.

ಬೆಳಗ್ಗೆ, ಹನಿಹನಿಯನ್ನೂ ಎಣಿಸಬಹುದಾದ ಒಂದು ಚಿತ್ರವನ್ನು ಗೆದ್ದ ಕೋಣಗಳ ಯಜಮಾನರಿಗೆ ತೋರಿಸಿದೆವು. ಅವರು ಅತ್ತ ಇತ್ತ ಸರಿಸಿ ನೋಡಿದರು. “ಲಾಯ್ಕುಂಟು. ನೀರು ಭಾರೀ ಲಾಯ್ಕುಂಟು. ಕೋಣನ ಮೋರೆ ಎಲ್ಲುಂಟು?”

ಮುಂದಿನ ಕಂಬಳಕ್ಕೆ ಮೋರೆಯದ್ದೇ ಫೋಟೊ ತೆಗೆಯಲು ಕೋಣ ಕಟ್ಟುವಲ್ಲಿ ಒಬ್ಬ ಬೇಕೆಂದು ತೀರ್ಮಾನವಾಗಿದೆ. ಮಾಸ್ಟ್ರು ಆ ಕೆಲಸಕ್ಕೆ ಡ್ರೋನ್ ಹುಡುಗನ ಹೆಸರು ಹೇಳಿದರು. ಅವನು ಕೊಂಬುಗಳ ಉದ್ದ ನೋಡಿ ಬಂದು, ತನಗೆ 400 ಮಿಲಿಮೀಟರಿನ ಲೆನ್ಸೇ ಆಗಬೇಕು ಎಂದು ಅರ್ಜಿ ಬರೆದುಕೊಟ್ಟಿದ್ದಾನೆ.