ಮದ್ದೂರು ವಡೆಯ ಪೇಟೆಂಟರ್ಹತೆ: ಒಂದು ಪೂರ್ವಪೀಠಿಕಾತ್ಮಕ ಜಿಜ್ಞಾಸೆ

ಬೌದ್ಧಿಕ ಸ್ವತ್ತಿನ ಜ್ಞಾನಮೀಮಾಂಸಾತ್ಮಕ ನೆಲೆಗಳನ್ನು ಮಂಡ್ಯ ಜಿಲ್ಲೆಯ ಬಹುಸ್ತರೀಯ ಸಂದರ್ಭದಲ್ಲಿ ಮರುಪರಿಶೀಲನೆಗೆ ಒಡ್ಡುವುದು ಪ್ರಸ್ತುತ ಪ್ರಬಂಧದ ಉದ್ದೇಶವಾಗಿದೆ. (ಇಂಥ ವಾಕ್ಯಗಳನ್ನು ಒಂದು ಪೇಟೆಂಟ್ ಜಾಗೃತಿ ಶಿಬಿರದಲ್ಲಿ ಇಡೀ ದಿನ ಕೂತು ಕೇಳಿದ್ದೇನೆ. ಊಟ ಚೆನ್ನಾಗಿತ್ತು.) ಆವಿಷ್ಕಾರಕರನ್ನು ಇಲ್ಲಿ ಮದ್ದೂರು, ಮಂಡ್ಯ, ಮಳವಳ್ಳಿ ಎಂಬ ಮೂರು ಪ್ರಸ್ಥಾನಗಳಾಗಿ ವಿಂಗಡಿಸಲಾಗಿದೆ.

ಮದ್ದೂರು ಪ್ರಸ್ಥಾನ. 1917ರಲ್ಲಿ ಮದ್ದೂರು ರೈಲು ನಿಲ್ದಾಣದಲ್ಲಿ ರಾಮಚಂದ್ರ ಬುಧ್ಯ ಎಂಬುವರು, ರೈಲು ಬೇಗ ಬಂದುಬಿಟ್ಟಿತೆಂದು ಪಕೋಡದ ಹಿಟ್ಟನ್ನೇ ತಟ್ಟಿ ಕರಿದರೆಂಬುದು ಪ್ರತೀತಿ. ಶಾಸ್ತ್ರೀಯವಾಗಿ ಇದು ಪೂರ್ವಜ್ಞಾತ ಪಿಷ್ಟಮಿಶ್ರಣದ ಕಾಲಾಭಾವಪ್ರೇರಿತ ಚಪ್ಪಟೀಕರಣ. 1970ರ ಪೇಟೆಂಟ್ ಕಾಯ್ದೆಯ 3(ಇ) ಪ್ರಕಾರ, ಸೇರಿಸಿದ ಪದಾರ್ಥಗಳ ಗುಣಗಳಷ್ಟೇ ಒಟ್ಟುಗೂಡಿದ ಬರೀ ಬೆರಕೆ ಆವಿಷ್ಕಾರವಲ್ಲ. ಅಕ್ಕಿಹಿಟ್ಟು, ರವೆ, ಮೈದಾ, ಈರುಳ್ಳಿಗಳನ್ನು ಬೇರೆಬೇರೆಯಾಗಿ ಮೆದ್ದರೆ ಆ ರುಚಿ ಬಾರದಾದ್ದರಿಂದ ಗುಣಾಧಿಕ್ಯ ಸಿದ್ಧ ಎಂಬುದು ಪೂರ್ವಪಕ್ಷ. 3(ಪಿ) ಪ್ರಕಾರ ಪಾರಂಪರಿಕ ಜ್ಞಾನಕ್ಕೆ ಪೇಟೆಂಟೇ ಇಲ್ಲ ಎಂಬುದು ಸಿದ್ಧಾಂತ. ಪೇಟೆಂಟಿಗೆ ಈಗ ಆಯುಸ್ಸು 20 ವರ್ಷ. ವಡೆಗೆ ನೂರು ದಾಟಿದೆ.

ಮಂಡ್ಯ ಪ್ರಸ್ಥಾನ. ಇದರ ಆದ್ಯಪುರುಷ ವಿಶ್ವೇಶ್ವರಯ್ಯ. ಪುಣೆ ಬಳಿಯ ಖಡಕ್‌ವಾಸ್ಲಾದಲ್ಲಿ 1903ರಲ್ಲಿ ಅಳವಡಿಸಿದ ಸ್ವಯಂಚಾಲಿತ ಗೇಟಿಗೆ ಪೇಟೆಂಟ್ ಪಡೆದವರು. ಅಂಥ ಗೇಟು ಮುಂದೆ ಕನ್ನಂಬಾಡಿ ಕಟ್ಟೆಗೂ ಬಂತು. ಆ ಕಟ್ಟೆಯ ನಾಲೆಯ ನೀರಲ್ಲಿ ಕಬ್ಬು ಬೆಳೆದವರ ಮೊಮ್ಮಗ ಆಲೆಮನೆಯ ಒಲೆಯನ್ನು ಸುಧಾರಿಸಿದನೆನ್ನಿ. ಸೌದೆ ಕಡಿಮೆ, ಹೊಗೆ ಕಡಿಮೆ. ಮುಂದೇನು?

ಶಿಬಿರದಲ್ಲಿ ಹಿಂದಿನ ಸಾಲಿನವರೊಬ್ಬರು ಎದ್ದು ಕೇಳಿದರು: "ಸಾ, ಅರ್ಜಿ ಕನ್ನಡದಲ್ಲಿ ಬರ್ಕೊಟ್ರೆ ತಕ್ಕತಾರಾ?"

"ಬಹಳ ಆಳವಾದ ಪ್ರಶ್ನೆ. ಕಾಫಿ ಆದ ಮೇಲೆ ಚರ್ಚಿಸೋಣ" ಎಂದರು ಉಪನ್ಯಾಸಕರು. ಕಾಫಿ ಆಯಿತು. ಚರ್ಚೆ ಆಗಲಿಲ್ಲ.

ಆಳವೇನೂ ಇಲ್ಲ ಸ್ವಾಮಿ. 2003ರ ಪೇಟೆಂಟ್ ನಿಯಮಾವಳಿಯ 9ನೇ ನಿಯಮ ನೇರವಾಗಿಯೇ ಹೇಳುತ್ತದೆ: ಕಾಗದಪತ್ರಗಳು ಹಿಂದಿಯಲ್ಲಿರಬೇಕು, ಇಲ್ಲವೇ ಇಂಗ್ಲಿಷಿನಲ್ಲಿ. ಕಂಟ್ರೋಲರ್ ಮನಸ್ಸು ಮಾಡಿ ಅಪ್ಪಣೆ ಕೊಟ್ಟರೆ ಬೇರೆ ಮಾತು. ಅರ್ಜಿ ಹೋಗುವುದು ಚೆನ್ನೈ ಕಚೇರಿಗೆ. ಒಬ್ಬ ವ್ಯಕ್ತಿ ಆನ್‌ಲೈನಿನಲ್ಲಿ ಸಲ್ಲಿಸಿದರೆ ಆರಂಭದ ಶುಲ್ಕ 1,600 ರೂಪಾಯಿ, ಅದೇನೂ ಭಾರವಲ್ಲ. ಭಾರವಿರುವುದು ಹಕ್ಕುಕೋರಿಕೆ ಬರೆಯುವುದರಲ್ಲಿ. ಕಬ್ಬಿಣ ಕಾಯಿಸಿ ಬಗ್ಗಿಸಿದವನು, ಮೂರು ಹಂಗಾಮು ಒಲೆ ಕೆಡವಿ ಕಟ್ಟಿದವನು, ತನ್ನ ಕೈಯಲ್ಲಿ ಹುಟ್ಟಿದ್ದನ್ನು ತನಗೇ ಓದಲು ಬಾರದ ಇಂಗ್ಲಿಷಿನಲ್ಲಿ ಇನ್ನೊಬ್ಬರಿಂದ ಬರೆಸಿ ರುಜು ಹಾಕಬೇಕು. ಒಂದು ಪದ ಸಡಿಲವಾದರೆ ಪಕ್ಕದವನು ಅದೇ ಸಂದಿಯಲ್ಲಿ ನುಸುಳುತ್ತಾನೆ. ತನ್ನ ಹಕ್ಕು ಎಲ್ಲಿಗೆ ನಿಂತಿದೆ ಎಂಬುದನ್ನು ಓದಿ ತಿಳಿಯಲಾಗದವನಿಗೆ ಹಕ್ಕು ಕೊಟ್ಟೆವೆನ್ನಲು ನಾಚಿಕೆಯಾಗಬೇಡವೇ?

ಇನ್ನೊಂದು ಕುಣಿಕೆ ಇದೆ. ಅರ್ಜಿಗೆ ಮುಂಚೆ ಬಹಿರಂಗವಾದದ್ದು 'ಹೊಸದು' ಅಲ್ಲ. ನಮ್ಮವರೋ ಒಲೆ ಹೊತ್ತಿಕೊಂಡ ದಿನವೇ ಊರನ್ನೆಲ್ಲ ಕರೆದು ತೋರಿಸಿ, ಬೆಲ್ಲ ಹಂಚಿ, "ನೀನೂ ಹಿಂಗೇ ಕಟ್ಕೊಳಪ್ಪ" ಅನ್ನುವವರು. ಮಂಡ್ಯದ ವಿ.ಸಿ. ಫಾರ್ಮಿನ ಕೃಷಿಮೇಳದಲ್ಲಿ ಜಾಗ ಸಿಕ್ಕರೆ ಅಲ್ಲಿಯೂ ಇಡುತ್ತಾರೆ. ಪ್ರದರ್ಶನಗಳ ಪೈಕಿ ಸರ್ಕಾರ ಗೆಜೆಟ್‌ನಲ್ಲಿ ಅಧಿಸೂಚಿಸಿದವಕ್ಕಷ್ಟೇ ಕಾಯ್ದೆಯಲ್ಲಿ ರಿಯಾಯಿತಿ, ಅದೂ 12 ತಿಂಗಳೊಳಗೆ ಅರ್ಜಿ ಹಾಕಿದರೆ. ಔದಾರ್ಯಕ್ಕೆ ಈ ಕಾನೂನು ಹಾಕಿರುವ ದಂಡ ಇದು.

ಮಳವಳ್ಳಿ ಪ್ರಸ್ಥಾನದ ಲಕ್ಷಣಗಳನ್ನು... ಬಿಡಿ, ಮಳವಳ್ಳಿಯವರು ಕ್ಷಮಿಸಲಿ. ವರ್ಗೀಕರಣ ಸಾಕಾಯಿತು.

ಶೆಡ್ಡಿನಲ್ಲಿ ಏನಾದರೂ ಕಟ್ಟುತ್ತಿರುವವರಿಗೆ ಒಂದು ಮಾತು: ಮೇಳಕ್ಕೆ ಹೊರಡುವ ಮುಂಚೆ ತಾತ್ಕಾಲಿಕ ವಿವರಣೆಯ ಅರ್ಜಿ ಹಾಕಿ. ಪೂರ್ಣ ವಿವರಣೆಗೆ 12 ತಿಂಗಳ ಕಾಲಾವಕಾಶವಿದೆ. ಇಂಗ್ಲಿಷು ಬಲ್ಲ ಮಕ್ಕಳು ಮನೆಯಲ್ಲಿದ್ದರೆ ಕೂರಿಸಿ ಬರೆಸಿ, ರುಜು ಹಾಕುವ ಮುಂಚೆ ಸಾಲುಸಾಲಾಗಿ ಕನ್ನಡದಲ್ಲಿ ಹೇಳಿಸಿ ಕೇಳಿ.