ಕಾಶಿಯಲ್ಲೊಂದು ಬಚ್ಚಲುಮನೆ

ಊರೂರಿನ ಜನ ಸ್ನಾನಕ್ಕೆಂದೇ ರೈಲು ಹತ್ತಿ ಬರುವ ಕಾಶಿಯಲ್ಲಿ ಕೂತು ಬಚ್ಚಲುಮನೆಗೆ ದುಡ್ಡು ಸುರಿಯುವವನನ್ನು ಜನ ಅನುಮಾನದಿಂದ ನೋಡುತ್ತಾರೆ. ನಮ್ಮ ಸೋದರತ್ತೆಯ ಮನೆ ಇರುವುದು ಹನುಮಾನ್ ಘಾಟಿನ ಗಲ್ಲಿಯಲ್ಲಿ, ಮೆಟ್ಟಿಲಿಳಿದರೆ ಗಂಗೆ. ಹೊಳೆಯಿಂದ 200 ಮೀಟರಿನೊಳಗೆ ಹೊಸ ಕಟ್ಟಡ ಎಬ್ಬಿಸುವಂತಿಲ್ಲ, ಹಳೆಯದನ್ನು ರಿಪೇರಿ ಮಾಡಿಸಲೂ ಅನುಮತಿ ಬೇಕು. ಅರ್ಜಿಯಲ್ಲಿ ಉದ್ದೇಶ ಎಂದಿದ್ದ ಕಡೆ ‘ಸ್ನಾನ’ ಎಂದು ಬರೆದಿದ್ದೆ. ಗುಮಾಸ್ತರು ಕನ್ನಡಕ ಹಣೆಗೇರಿಸಿ ಒಮ್ಮೆ ನನ್ನನ್ನು ನೋಡಿದರು, ಒಮ್ಮೆ ಕಿಟಕಿಯಾಚೆ ಗಂಗೆಯ ದಿಕ್ಕನ್ನು ನೋಡಿದರು. ಏನೂ ಅನ್ನದೆ ಸೀಲು ಒತ್ತಿದರು.

ಪಾಪ, ಅವರಿಗೆ ನಮ್ಮ ಜನ ಗೊತ್ತಿಲ್ಲ. ಗಂಗೆಯಲ್ಲಿ ಮುಳುಗೆದ್ದ ಕನ್ನಡಿಗ ನೆಂಟರ ಮನೆಗೆ ಬಂದು ಇನ್ನೊಮ್ಮೆ ಸ್ನಾನ ಮಾಡುತ್ತಾನೆ. ಮೊದಲನೆಯದು ಪುಣ್ಯಕ್ಕೆ, ಎರಡನೆಯದು ಮೈಗೆ. ಇದರಲ್ಲಿ ಅಪಚಾರವೇನೂ ಇಲ್ಲ. ತುಳಸಿ ಘಾಟಿನ ಮಹಂತರಾಗಿದ್ದ ವೀರಭದ್ರ ಮಿಶ್ರರು ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಪ್ರೊಫೆಸರು. ಗಂಗೆಯಲ್ಲಿ ಮೀಯುತ್ತಲೇ ಅದೇ ನೀರಿನ ಕ್ರಿಮಿಗಳನ್ನು ಲೆಕ್ಕ ಹಾಕಿಸಿದರು. ಹೊಳೆ ಚೊಕ್ಕಟವಾಗಬೇಕೆಂದು 1982ರಲ್ಲಿ ಒಂದು ಪ್ರತಿಷ್ಠಾನವನ್ನೇ ಕಟ್ಟಿದರು. 2022ರಲ್ಲಿ ಕರ್ನಾಟಕ ಸರ್ಕಾರ ಕಾಶಿಯಾತ್ರೆಯ ರೈಲಿಗೆ ತಲಾ 5000 ರೂಪಾಯಿ ಸಹಾಯಧನ ಕೊಟ್ಟ ಮೇಲಂತೂ ಅತ್ತೆಗೆ ನೆಂಟರು ಹೆಚ್ಚಿಬಿಟ್ಟರು. ಹತ್ತಿರದಲ್ಲೇ ಕರ್ನಾಟಕದ ಛತ್ರವಿದೆ, ಗೊದೌಲಿಯಾ ಕಡೆ ಜಂಗಮವಾಡಿ ಮಠವಿದೆ. ಆದರೂ, “ಎರಡು ಚೊಂಬು ಬಿಸಿನೀರು ಹುಯ್ಕೊಂಡು ಹೊರಟುಬಿಡ್ತೀವಿ ಅತ್ತೆ” ಎಂದು ಟವೆಲ್ ಹೆಗಲಿಗೆ ಹಾಕಿಕೊಂಡೇ ಬರುತ್ತಾರೆ.

ಬಚ್ಚಲು ಅಂಗಳದ ಮೂಲೆಯಲ್ಲಿದೆ. ಬಿಸ್ಕತ್ತಿನಂಥ ತೆಳು ಲಖೌರಿ ಇಟ್ಟಿಗೆಯ ಗೋಡೆ, ಚುನಾರಿನ ಕಲ್ಲುಚಪ್ಪಡಿಯ ನೆಲ, ಸೀಗೆಪುಡಿಗೆ ಒಂದು ಗೂಡು, ಒಲೆಯ ಮೇಲೆ ಗಾರೆಯಲ್ಲಿ ಕೂರಿಸಿದ ತಾಮ್ರದ ಹಂಡೆ. ಮೈಸೂರಿನಿಂದ ಬಂದ ಹಿರಿಯರು ಯಾರೋ ಇಲ್ಲಿನ ಜನವರಿಯ ಮಂಜಿಗೆ ನಡುಗಿ ಕಟ್ಟಿಸಿದ್ದು. ಗೋಡೆ ಕೆಟ್ಟಿದ್ದು ಆಮೇಲೆ, ಮೇಲೆ ಸಿಮೆಂಟು ಬಳಿದಾಗ. ಸುಣ್ಣದ ಗೋಡೆ ನೆಲದ ತೇವವನ್ನು ಹೀರಿ ಹೊರಗೆ ಬಿಡುತ್ತದೆ. ಸಿಮೆಂಟು ಅದರ ಮೂಗು ಮುಚ್ಚುತ್ತದೆ. ತೇವ ದಾರಿ ಕಾಣದೆ ಮೇಲಕ್ಕೆ ಹತ್ತುತ್ತದೆ. ನಮ್ಮಲ್ಲಿ ಅದು ಸೀಗೆಪುಡಿಯ ಗೂಡಿನವರೆಗೂ ಹತ್ತಿತ್ತು.

“ಟೈಲ್ಸ್ ಹೊಡೆಸಿ ಬಿಸಾಕು, ಒಂದು ಬಾತ್‌ಟಬ್ ಇಡಿಸು,” ಎಂದು ಬೆಂಗಳೂರಿನ ತಮ್ಮ ವಿಡಿಯೋ ಕಾಲಿನಲ್ಲೇ ಮನೆ ಕಟ್ಟಿದ. ಈ ಗಲ್ಲಿಯಲ್ಲಿ ಟಬ್ಬನ್ನು ಹೊತ್ತು ತರುವವರಿಗೆ ಎದುರಿಗೊಂದು ಗೂಳಿ ಸಿಕ್ಕರೆ ಹಿಂದಕ್ಕೆ ಸರಿಯಬೇಕಾದ್ದು ಟಬ್ಬೇ.

ಕೆಲಸಕ್ಕೆ ಸಿಕ್ಕ ಮಿಸ್ತ್ರಿಯ ಬಾಯಲ್ಲಿ ಸದಾ ಪಾನ್. ಪಾನ್ ಹಾಕಿದ ಬನಾರಸಿಯನ್ನು ಮಾತಾಡಿಸಿದರೆ ಗದ್ದ ಆಕಾಶಕ್ಕೆತ್ತಿ, ರಸ ಚೆಲ್ಲದ ಹಾಗೆ, ಬರೀ ಸ್ವರಾಕ್ಷರಗಳಲ್ಲಿ ಉತ್ತರ ಕೊಡುತ್ತಾನೆ. ಖರ್ಚೆಷ್ಟು ಎಂದೆ. “ಆಂ ಊ ಆಂ,” ಅಂದರು. ಅತ್ತೆಗೆ ಅದು ಹದಿನೈದು ಸಾವಿರ ಎಂದು ಕೇಳಿಸಿತು, ನನಗೆ ಇಪ್ಪತ್ತೈದು. ಹೊರಗೆ ಹೋಗಿ ಉಗಿದು ಬಂದ ಮೇಲೆ ತಿಳಿಯಿತು, ಅವರು ಕೇಳಿದ್ದು ಚಹಾ.

ಆದರೆ ಕೈ ಮಾತ್ರ ಬಂಗಾರ. ಸಿಮೆಂಟು ಕೆರೆದು, ಸುಣ್ಣ ಅರಳಿಸಿ, ಇಟ್ಟಿಗೆ ಪುಡಿಯ ಸುರ್ಕಿ ಬೆರೆಸಿದರು. ಆಮೇಲೆ ಅತ್ತೆಗೆ ಸಾಮಾನಿನ ಚೀಟಿ ಬಂತು: ಉದ್ದು, ಬೆಲ್ಲ, ಬಿಲ್ವದ ಕಾಯಿ. ಉದ್ದಿನ ಲೋಳೆ ಅಂಟಿಗೆ, ಬೆಲ್ಲ ಬಿಗುವಿಗೆ, ಬಿಲ್ವದ ತಿರುಳೂ ಅಂಟಿಗೇ. ಅತ್ತೆ ಕಲಸುವ ತೊಟ್ಟಿಗೆ ಬಗ್ಗಿ, ಮೂಸಿ ನೋಡಿ, “ಒಗ್ಗರಣೆ ಯಾವಾಗ?” ಎಂದರು. ಉದ್ದನ್ನು ಮಾತ್ರ ಇಡ್ಲಿಗೆಂದು ಒಂದು ಪಾವು ಹಿಡಿದುಕೊಂಡೇ ಕೊಟ್ಟರು.

ಹಂಡೆಯ ತಳ ತೂತಾಗಿತ್ತು. ಠಠೇರಿ ಬಜಾರಿನಲ್ಲಿ ತಾಮ್ರ ಹಿತ್ತಾಳೆ ಬಡಿಯುವವರ ಮುಂದೆ ಅದನ್ನು ಇಳಿಸಿದಾಗ ಅಂಗಡಿಯವನು ಬೆರಗಾಗಿ, “ಇಷ್ಟು ದೊಡ್ಡದರಲ್ಲಿ ಏನು ಬೇಯಿಸ್ತೀರಿ ಮಾತಾಜಿ?” ಎಂದ. “ನಮ್ಮನ್ನೇ,” ಎಂದರು ಅತ್ತೆ. ಸೌದೆಯದು ಇನ್ನೊಂದು ಕಥೆ. ಪಕ್ಕದ ಹರಿಶ್ಚಂದ್ರ ಘಾಟಿನಲ್ಲಿ ಹಗಲಿರುಳೂ ಸೌದೆ ರಾಶಿ ಬಿದ್ದಿರುತ್ತದೆ. ಅಲ್ಲಿಂದ ಒಂದು ಸಿಪ್ಪೆಯೂ ಬರಕೂಡದೆಂದು ಅತ್ತೆಯ ಕಟ್ಟಪ್ಪಣೆ, ಬೆರಣಿ ತರಿಸಿದೆವು.

ಇನ್ನು ಚರಂಡಿ. 1820ರ ದಶಕದಲ್ಲಿ ಇಲ್ಲಿ ಟಂಕಸಾಲೆಯ ಅಧಿಕಾರಿಯಾಗಿದ್ದ ಜೇಮ್ಸ್ ಪ್ರಿನ್ಸೆಪ್ ಊರಿನ ನಕ್ಷೆ ಬರೆದ, ನೆಲದಡಿ ಸುರಂಗದಂಥ ಚರಂಡಿ ಕಟ್ಟಿಸಿದ, ಆಮೇಲೆ ಕಲ್ಕತ್ತೆಗೆ ಹೋಗಿ ಅಶೋಕನ ಬ್ರಾಹ್ಮೀ ಲಿಪಿಯನ್ನೂ ಓದಿಬಿಟ್ಟ. ಎರಡು ಸಾವಿರ ವರ್ಷ ಹಿಂದಿನದನ್ನು ಓದುವವರು ಹುಟ್ಟಿದರು. ನಮ್ಮ ಬಚ್ಚಲ ತೂಬು ಎತ್ತ ಹೋಗುತ್ತದೆಂಬುದರ ಬಗ್ಗೆ ಮಾತ್ರ ಪ್ಲಂಬರ್ ಒಂದು ದಿಕ್ಕು, ಮಿಸ್ತ್ರಿ ಇನ್ನೊಂದು ದಿಕ್ಕು ತೋರಿಸಿದರು. ಬಕೆಟ್ ನೀರಿಗೆ ಕುಂಕುಮ ಕದಡಿ ಸುರಿದು ಗಲ್ಲಿಯ ಗುಂಡಿ ಗುಂಡಿಗೂ ಒಬ್ಬೊಬ್ಬರಂತೆ ಕಾವಲು ನಿಂತೆವು. ಎಲ್ಲೂ ಕೆಂಪು ಕಾಣಲಿಲ್ಲ. ನೀರೇನೋ ನಿಲ್ಲುತ್ತಿಲ್ಲ, ಹೋಗುತ್ತಿದೆ, ಸಾಕು ಎಂದು ಚಪ್ಪಡಿ ಮುಚ್ಚಿಸಿದೆವು.

ಎಲ್ಲವನ್ನೂ ಇದ್ದ ಹಾಗೇ ಉಳಿಸಬೇಕೆಂಬುದು ನನ್ನ ಹಟ, ಒಂದನ್ನು ಬಿಟ್ಟು. ಬಚ್ಚಲಿನ ಹಿಂದೆ ಹಿತ್ತಿಲ ಓಣಿಗೆ ತೆರೆಯುವ ಮೊಣಕಾಲೆತ್ತರದ ಬಾಗಿಲಿತ್ತು. ಹಳೇ ಪಾಯಿಖಾನೆಯ ಮಲವನ್ನು ಮನುಷ್ಯರ ಕೈಯಲ್ಲಿ ಬಾಚಿಸಿ ತೆಗೆಸುತ್ತಿದ್ದ ಕಾಲದ್ದು. ಕೆತ್ತನೆ ಚೆನ್ನಾಗಿದೆ, ಉಳಿಸಿಕೊಳ್ಳಿ ಎಂದು ಬಂದವರೆಲ್ಲ ಹೇಳಿದರು. ಈ ಪದ್ಧತಿಯನ್ನು ನಿಷೇಧಿಸಲು ನಮ್ಮ ದೇಶಕ್ಕೆ 1993ರಲ್ಲಿ ಒಂದು ಕಾನೂನು ಸಾಲದೆ, 2013ರಲ್ಲಿ ಇನ್ನೊಂದು ಬೇಕಾಯಿತು. ಅಂಥ ಬಾಗಿಲಿಗೆ ಪರಂಪರೆಯ ಮರ್ಯಾದೆ ಬೇಡ. ಇಟ್ಟಿಗೆ ಇಟ್ಟು ಮುಚ್ಚಿಸಿದೆ. ಅಷ್ಟಕ್ಕೆ ಮಾತ್ರ ಸಿಮೆಂಟು ಹಾಕಿಸಿದೆ.

ಈಗ ಹಂಡೆ ಉರಿಯುತ್ತಿದೆ, ಗೋಡೆ ಒಣಗಿದೆ, ಹಿತ್ತಾಳೆ ನಲ್ಲಿಗೆ ಮಂಗಗಳು ತಿರುಗಿಸಲಾರದಂತೆ ಬೀಗ ಬಿದ್ದಿದೆ. ಕಾಶಿಗೆ ಬಂದರೆ ಬನ್ನಿ, ಬಿಸಿನೀರಿಗೆ ಬರವಿಲ್ಲ. ಸೋಪು ಟವೆಲ್ ನಿಮ್ಮದು. ಆಗಸ್ಟ್ ಸೆಪ್ಟೆಂಬರಿನಲ್ಲಿ ಮಾತ್ರ ಫೋನ್ ಮಾಡಿ ಬನ್ನಿ. ಇಲ್ಲಿ ಗಂಗೆಯ ಅಪಾಯದ ಮಟ್ಟ 71.262 ಮೀಟರು. 1978ರಲ್ಲಿ ಅವಳು 73.901ಕ್ಕೆ ಏರಿದ್ದಳು. ಹೊಳೆ ತುಂಬಿದರೆ ಚರಂಡಿ ನೀರು ಹಿಂದಕ್ಕೆ ನುಗ್ಗುತ್ತದೆ. ಆಗ ತೂಬಿಗೆ ಗೋಣಿಚೀಲ ತುರುಕಿ ಬಚ್ಚಲಿಗೆ ಚಿಲಕ ಹಾಕುತ್ತೇವೆ.