ನಾಯಿ ಮಾರ್ಕೂ ಸೂರಿನ ನಾವಿಕನೂ

ನಮ್ಮ ಕಡೆಯ ಕೆಲವು ಹಳೆಯ ಮನೆಗಳಲ್ಲಿ ಎರಡು ನಾಯಿಗಳಿರುತ್ತಿದ್ದವು. ಒಂದು ಅಂಗಳದಲ್ಲಿ, ಇನ್ನೊಂದು ಗ್ರಾಮಾಫೋನ್ ಪ್ಲೇಟಿನ ಮೇಲೆ. ಅಂಗಳದ ನಾಯಿಗೆ ದಿನಾ ಅನ್ನ ಹಾಕಬೇಕಿತ್ತು. ಪ್ಲೇಟಿನ ನಾಯಿಗೆ ಅಷ್ಟೆಲ್ಲ ಉಪಚಾರ ಬೇಡ. ಪೆಟ್ಟಿಗೆಗೆ ಕೀ ಕೊಟ್ಟು ಪಿನ್ನು ಇಳಿಸಿದರೆ ನಿಮಿಷಕ್ಕೆ 78 ಸುತ್ತಿನಂತೆ ಗಿರಕಿ ಹೊಡೆದು, ಮೂರು ನಿಮಿಷ ಹಾಡು ಕೇಳಿಸಿ ಸುಮ್ಮನಾಗುತ್ತಿತ್ತು. ಅಂಗಳದ್ದರ ಕುಲಗೋತ್ರ ಯಾರೂ ವಿಚಾರಿಸಿದವರಿಲ್ಲ. ಪ್ಲೇಟಿನದ್ದಕ್ಕೆ ಮಾತ್ರ ಪುಸ್ತಕಗಟ್ಟಲೆ ಚರಿತ್ರೆ.

ಅದರ ಹೆಸರು ನಿಪ್ಪರ್, ಹುಟ್ಟೂರು ಇಂಗ್ಲೆಂಡಿನ ಬ್ರಿಸ್ಟಲ್. 1895ರಲ್ಲಿ ತೀರಿಕೊಂಡಿತು. ಹೆಸರು ಬಂದದ್ದು ಸತ್ತ ಮೇಲೆ; ಅದೇನೂ ಹೊಸದಲ್ಲ, ಸಾಹಿತಿಗಳನ್ನು ಕೇಳಿ. ಅದರ ಯಜಮಾನನ ತಮ್ಮ ಫ್ರಾನ್ಸಿಸ್ ಬರಾಡ್ ಚಿತ್ರಗಾರ. ಅವನು ಮೊದಲು ಬರೆದ ಚಿತ್ರದಲ್ಲಿ ನಾಯಿ ಕಿವಿಗೊಟ್ಟು ಕೂತದ್ದು ಎಡಿಸನ್ ಮಾದರಿಯ, ಮೇಣದ ಉರುಳೆ ತಿರುಗುವ ಯಂತ್ರದ ಮುಂದೆ. 1899ರಲ್ಲಿ ಲಂಡನ್ನಿನ ಗ್ರಾಮಾಫೋನ್ ಕಂಪನಿಯವರು, ಆ ಯಂತ್ರವನ್ನು ಅಳಿಸಿ ನಮ್ಮ ಯಂತ್ರ ಬರೆದುಕೊಟ್ಟರೆ ಕೊಳ್ಳುತ್ತೇವೆ ಎಂದರು. ಚಿತ್ರಕ್ಕೆ 50 ಪೌಂಡು, ಹಕ್ಕಿಗೆ 50 ಪೌಂಡು. ಬರಾಡ್ ಬಣ್ಣ ಬಳಿದುಕೊಟ್ಟ. ಮೂಲ ಚಿತ್ರವನ್ನು ಓರೆ ಬೆಳಕಿನಲ್ಲಿ ನೋಡಿದರೆ ಹೊಸ ಬಣ್ಣದ ಕೆಳಗೆ ಹಳೆಯ ಯಂತ್ರದ ಗೀಟು ಈಗಲೂ ಕಾಣುತ್ತದಂತೆ. ಯಂತ್ರ ಬದಲಾದರೂ ನಾಯಿಯ ಮುಖಭಾವ ಬದಲಾಗಿಲ್ಲ. ಕಂಪನಿಗಳಿಗೆ ಇಂಥ ಕೇಳುಗರೇ ಬೇಕು.

ಅದೇ ನಾಯಿ ಸಮುದ್ರ ದಾಟಿ ಅಮೆರಿಕಕ್ಕೂ ಹೋಯಿತು. ಜರ್ಮನಿಯ ಹ್ಯಾನೋವರ್‌ನಿಂದ ಅಮೆರಿಕಕ್ಕೆ ವಲಸೆ ಹೋಗಿದ್ದ ಎಮಿಲ್ ಬರ್ಲಿನರ್ ಚಪ್ಪಟೆ ಪ್ಲೇಟನ್ನು ಕಂಡುಹಿಡಿದವನು. ಅವನಿಗೆ ಯಂತ್ರ ಮಾಡಿಕೊಡುತ್ತಿದ್ದವನು ನ್ಯೂಜೆರ್ಸಿಯ ಕ್ಯಾಮ್ಡೆನ್ ಊರಿನ ಎಲ್‌ಡ್ರಿಡ್ಜ್ ಜಾನ್ಸನ್. ಈ ಜಾನ್ಸನ್ 1901ರಲ್ಲಿ ವಿಕ್ಟರ್ ಟಾಕಿಂಗ್ ಮೆಷಿನ್ ಕಂಪನಿ ತೆರೆದ. ಮುಂದೆ ಲಂಡನ್ನಿನವರೂ ವಿಕ್ಟರಿನವರೂ ಅಣ್ಣತಮ್ಮಂದಿರು ಅಡಿಕೆ ತೋಟ ಪಾಲು ಮಾಡಿಕೊಂಡ ಹಾಗೆ ಭೂಮಂಡಲವನ್ನೇ ಪಾಲು ಮಾಡಿಕೊಂಡರು. ಅಮೆರಿಕ, ಚೀನಾ, ಜಪಾನು ವಿಕ್ಟರ್ ಪಾಲಿಗೆ. ಹಿಂದೂಸ್ತಾನ ಲಂಡನ್ ಪಾಲಿಗೆ. ನಾಯಿ ಮಾತ್ರ ಇಬ್ಬರಿಗೂ ಸೇರಿದ್ದು. ನಮ್ಮನ್ನು ಯಾರೂ ಕೇಳಲಿಲ್ಲ ಎನ್ನುವುದನ್ನು ಬೇರೆ ಹೇಳಬೇಕೇ?

ಹೀಗೆ ಪಾಲಿಗೆ ಬಂದ ದೇಶದಲ್ಲಿ ದನಿ ಹಿಡಿಯಲು ಬಂದವನೂ ಅಮೆರಿಕದವನೇ, ಫ್ರೆಡ್ ಗೈಸ್‌ಬರ್ಗ್. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡು ಮುದ್ರಿಸಿಕೊಂಡ. ಹಾಡು ಮುಗಿದದ್ದೇ ಆಕೆ ಇಂಗ್ಲಿಷಿನಲ್ಲಿ ತಮ್ಮ ಹೆಸರು ಕೂಗಿ ಹೇಳುತ್ತಿದ್ದರು. ಪ್ಲೇಟು ಅಚ್ಚಾಗುತ್ತಿದ್ದದ್ದು ಹ್ಯಾನೋವರಿನಲ್ಲಿ. ಅಲ್ಲಿಯವರಿಗೆ ಇದು ಯಾರ ಹಾಡೆಂದು ತಿಳಿಯಬೇಕಲ್ಲ! ಇಷ್ಟು ದೊಡ್ಡ ಗಾಯಕಿ ಕೊನೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ಕಣ್ಣು ಮುಚ್ಚಿದರು.

ಇಷ್ಟು ಪುರಾಣ ಹೇಳುತ್ತಿರುವ ನಾನು ಇರುವುದು ಒಮಾನಿನ ಸೂರ್ ಎಂಬ ಕಡಲೂರಿನಲ್ಲಿ. ಮಸ್ಕತ್‌ನಿಂದ ಸುಮಾರು 200 ಕಿಲೋಮೀಟರ್. ನಮ್ಮಂಥವರನ್ನು ಇಲ್ಲಿಗೆ ಎಳೆದು ತಂದದ್ದು ಅನಿಲದ ಸ್ಥಾವರ, ಗೊಬ್ಬರದ ಕಾರ್ಖಾನೆ. ಇಲ್ಲಿಯ ಯೂರಿಯಾ ಹಡಗೇರಿ ಭಾರತದ ಗದ್ದೆಗಳಿಗೆ ಹೋಗುತ್ತದೆ. ಅದಕ್ಕೂ ಮುಂಚೆ ಸೂರಿನ ಹೆಸರಿದ್ದದ್ದು ಮರದ ಹಡಗುಗಳಿಗೆ. ನಮ್ಮ ಕರಾವಳಿಯವರು ಮಂಜಿ, ಪತ್ತೇಮಾರಿ ಎನ್ನುವವುಗಳ ದಾಯಾದಿಗಳು. ಮಲಬಾರಿನ ಸಾಗುವಾನಿ ಇಲ್ಲಿಗೆ ಬಂದು ಹಡಗಾಗಿ, ಮತ್ತೆ ಮಲಬಾರಿಗೇ ಖರ್ಜೂರ ಹೊತ್ತು ಹೋಗುತ್ತಿತ್ತು. 1951ರಲ್ಲಿ ಕಟ್ಟಿದ ಫತಹ್ ಅಲ್ ಖೈರ್ ಎಂಬ ಹಡಗು ಹೊರಗೆ ಮಾರಿಹೋಗಿದ್ದನ್ನು ಊರವರು 1993ರಲ್ಲಿ ಯೆಮೆನ್‌ನಿಂದ ಮರಳಿ ತಂದು ದಡದ ಮೇಲೆ ಪ್ರತಿಷ್ಠಾಪಿಸಿದ್ದಾರೆ. ರಜೆಯ ಸಂಜೆ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳದ ಕನ್ನಡದ ಸಂಸಾರ ಇಲ್ಲಿಲ್ಲ.

ಆದರೆ ಈ ಊರು ಕಡಲಿಗೆ ಬಿಟ್ಟದ್ದು ಬರೀ ಹಡಗುಗಳನ್ನಲ್ಲ. 1910ರಲ್ಲಿ ಇಲ್ಲಿ ಹುಟ್ಟಿದ ಸಾಲಿಂ ರಾಶಿದ್ ಎಂಬ ಹುಡುಗನಿಗೆ ಹಾಡಿನ ಹುಚ್ಚು. ಊದ್ ವಾದ್ಯ ಹಿಡಿದು ಕೂತರೆ ಮನೆಯವರಿಗೆ ಕೆಂಡದಂಥ ಸಿಟ್ಟು. ಮರ್ಯಾದಸ್ಥರ ಮಗ ಹಾಡುವುದೇ? ಈ ಪ್ರಶ್ನೆ ಅರಬ್ಬಿಯಲ್ಲೂ ಕನ್ನಡದಲ್ಲೂ ಒಂದೇ ರಾಗದಲ್ಲಿ ಕೇಳಿಸುತ್ತದೆ. ಹುಡುಗ ಹಡಗು ಹತ್ತಿದ. ಬಂದು ನೆಲೆ ನಿಂತದ್ದು ಮುಂಬಯಿಯಲ್ಲಿ.

ಆಗಿನ ಮುಂಬಯಿಯಲ್ಲಿ ಅರಬ್ಬಿ ವ್ಯಾಪಾರಿಗಳಿದ್ದರು, ಮುತ್ತಿನ ದಲಾಲರಿದ್ದರು. ನಾಯಿ ಮಾರ್ಕಿನವರ ಸ್ಟುಡಿಯೋವೂ ಇತ್ತು. 1930ರ ದಶಕದಲ್ಲಿ ಸಾಲಿಂ ಅಲ್ಲಿ ಹಾಡಿ ಪ್ಲೇಟು ಹೊರಡಿಸಿದರು. ಆ ಪ್ಲೇಟುಗಳು ಕೊಲ್ಲಿಯ ಬಂದರುಗಳನ್ನು ಮುಟ್ಟಿದವು, ಹಾಡುವ ನಾವಿಕ ಎಂಬ ಬಿರುದೂ ಅಂಟಿಕೊಂಡಿತು. ಅದೇ ದಶಕದಲ್ಲಿ, ಅದೇ ಮುಂಬಯಿಯಲ್ಲಿ, ಅದೇ ನಾಯಿಯ ಮುಂದೆ ನಮ್ಮ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಕೂಡ ಹಾಡಿದರು. ಕಂಪನಿಯವರು ಆ ಪ್ಲೇಟುಗಳ ಮೇಲೆ ಅಚ್ಚು ಹಾಕಿಸಿದ ಹೆಸರು ಮಾತ್ರ ಗಾಂಧಾರಿ! ಮಹಾಭಾರತದ ಗಾಂಧಾರಿ ಕಣ್ಣು ಕಟ್ಟಿಕೊಂಡದ್ದು ತಾನಾಗಿ. ಇಲ್ಲಿ ಬಟ್ಟೆ ಕಟ್ಟಿದವರು ಕಂಪನಿಯವರು. ಸೂರಿನವರೂ ಹುಬ್ಬಳ್ಳಿಯವರೂ ಸ್ಟುಡಿಯೋದ ಮೆಟ್ಟಿಲಲ್ಲಿ ಎದುರುಬದುರಾಗಿ, ನಿಮ್ಮದಾಯಿತೇ ಎಂದು ಕಣ್ಣಲ್ಲೇ ಕೇಳಿಕೊಂಡಿರಬಹುದು ಎಂದು ಕಲ್ಪಿಸಿಕೊಳ್ಳುವುದು ನನಗೆ ಖುಷಿ. ಕಲ್ಪನೆಗೆ ರಾಯಲ್ಟಿ ಇಲ್ಲವಷ್ಟೆ.

ಅಮ್ಮ ಊರಿನಿಂದ ಬಂದಿದ್ದಾಗ ಸಾಲಿಂ ಅವರ ಹಾಡನ್ನು ಮೊಬೈಲಿನಲ್ಲಿ ಹಾಕಿದೆ. ಕೊಲ್ಲಿಯ ಸೌತ್ ಶೈಲಿಯ ಹಾಡು. ಊದ್ ಮೀಟು, ಮಿರ್ವಾಸ್ ಎಂಬ ಪುಟ್ಟ ಚರ್ಮವಾದ್ಯ, ನಡುನಡುವೆ ಚಪ್ಪಾಳೆ, ಹಿಂದೆ ಮಳೆ ಹನಿದ ಹಾಗೆ ಪ್ಲೇಟಿನ ಚರಚರ. ಅಮ್ಮ ಹುರುಳಿ ಆರಿಸುತ್ತ ಕೇಳಿದರು. "ಎಂತದು ಮಗ ಇದು, ಬಲೆ ಎಳೆಯುವವರ ಹಾಡಿನ ಹಾಗೆ ಉಂಟಲ್ಲ," ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಇವರಿಗೆ ದುಡ್ಡು ಸರಿಯಾಗಿ ಕೊಟ್ಟಿದ್ದಾರಾ?" ಎಂದು ಕೇಳಿದರು. ಸಂಗೀತ ವಿಮರ್ಶಕರು ಕೇಳದ ಪ್ರಶ್ನೆ.

ಸಾಲಿಂ ತಮ್ಮದೇ ದಾರಿಯಲ್ಲಿ ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಮುಂಬಯಿ ಬಿಟ್ಟು ಬಹರೈನಿಗೆ ಹೋದರು. ಅಲ್ಲಿ ಸ್ವಂತ ರೆಕಾರ್ಡ್ ಕಂಪನಿ ತೆರೆದರು. ಹೆಸರು ಸಾಲಿಂಫೋನ್. ಅರಬ್ ನಾಡಿನಲ್ಲಿ ಅದಾಗಲೇ ಬೈದಾ ಮನೆತನದವರ ಬೈದಾಫೋನ್ ಹೆಸರು ಮಾಡಿತ್ತು, ಅದೇ ಜಾಡಿನಲ್ಲಿ ಇದು. ಬಿಸಿನೆಸ್ ಶಾಲೆಯವರು ಇದನ್ನು ಲೆಕ್ಕಕ್ಕೆ ಹಿಡಿಯಲಾರರು. ವಿಕ್ಟರ್ ಕಂಪನಿ 1929ರಲ್ಲಿ ಆರ್‌ಸಿಎ ಪಾಲಾಯಿತು, ಲಂಡನ್ನಿನವರು 1931ರಲ್ಲಿ ಕೊಲಂಬಿಯಾ ಜೊತೆ ಸೇರಿ ಇಎಂಐ ಆದರು ಎಂಬುದೇ ಅವರಿಗೆ ಚರಿತ್ರೆ. ಮನೆಯವರು ಊದ್ ಮುಟ್ಟಬೇಡ ಎಂದ ಹುಡುಗ ಕೊನೆಗೆ ಪ್ಲೇಟಿನ ನಟ್ಟನಡುವೆ ತನ್ನ ಹೆಸರನ್ನೇ ಅಚ್ಚು ಹಾಕಿಸಿದ್ದು ನನ್ನ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ಸಂಗತಿ. ಆ ಚಿತ್ರದ ಹೆಸರೇ ಹೇಳುವಂತೆ ನಾಯಿ ಕೇಳಿದ್ದು ಯಜಮಾನನ ದನಿ. ಇಲ್ಲಿ ಹಾಡಿದವರೇ ಯಜಮಾನರು. ಸುಲ್ತಾನ್ ಕಾಬೂಸ್ ಪಟ್ಟಕ್ಕೆ ಬಂದ ಮರುವರ್ಷ, 1971ರಲ್ಲಿ, ಸಾಲಿಂ ಒಮಾನಿಗೆ ಮರಳಿದರು. 1979ರಲ್ಲಿ ತೀರಿಕೊಂಡರು.

ಅಷ್ಟರಲ್ಲಿ ಕ್ಯಾಸೆಟ್ಟಿನ ಕಾಲ ಬಂದಿತ್ತು. ನಮ್ಮಲ್ಲಿ 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ನಿತ್ಯೋತ್ಸವ ಬಂತು. ಗಲ್ಫಿಗೆ ಹೋದವರು ರಜೆಗೆ ಬರುವಾಗ ಟೂ ಇನ್ ವನ್ ಹೆಗಲಿಗೇರಿಸಿಕೊಂಡು ಬಂದರು. ಮನೆಯ ಪ್ಲೇಟುಗಳು ಅಟ್ಟ ಸೇರಿದವು. ಕೆಲವು ಮುರಿದವು, ಕೆಲವು ಗುಜರಿಗೆ ಹೋದವು.

ಮುಂಬಯಿ ಹೋಟೆಲಿನಲ್ಲಿ, ಬಹರೈನಿನಲ್ಲಿ, ಮಂಜಿಯಲ್ಲಿ ದುಡಿದ ಅಜ್ಜಂದಿರು ಕರಾವಳಿಯ ಎಷ್ಟೋ ಮನೆಗಳಲ್ಲಿದ್ದರು. ಅವರ ಪೆಟ್ಟಿಗೆ ನಿಮ್ಮ ಅಟ್ಟದಲ್ಲಿದ್ದರೆ ಒಮ್ಮೆ ತೆರೆದು ನೋಡಿ. ಅರಬ್ಬಿ ಅಕ್ಷರದ ಪ್ಲೇಟು ಸಿಕ್ಕರೆ ಓದಲು ಬಾರದೆಂದು ಎಸೆಯಬೇಡಿ. ಓದಬಲ್ಲವರಿಗೆ ಫೋಟೋ ಕಳಿಸಿ. ಒಂದರ ಮೇಲೊಂದು ಪೇರಿಸಬೇಡಿ, ನೆಟ್ಟಗೆ ನಿಲ್ಲಿಸಿಡಿ. ಧೂಳಿದೆಯೆಂದು ಸ್ಪಿರಿಟ್ ಹಾಕಿ ಒರೆಸಲೇಬೇಡಿ: ಹಳೆಯ ಪ್ಲೇಟು ಅರಗಿನದು, ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ.